ರೊಟ್ಟಿ ಅಂಗಡಿಯ ಸರ್ಟಿಫಿಕೇಟು

ಮುಸಫ್ಫಾ, ಅಬುಧಾಬಿ
೧೪ ನವೆಂಬರ್ ೨೦೨೫

ಪ್ರೀತಿಯ ಮಾರ್ಸೆಲ್,

ನಿನ್ನ ಮೊಣಕಾಲಿನ ಆಪರೇಷನ್ ಆಗಿ ಮೂರು ತಿಂಗಳಾಯಿತು, ಹೇಗಿದ್ದೀ ಎಂದು ಒಂದು ಮಾತು ಕೇಳಲಿಲ್ಲ. ಬೈಯುವುದಿದ್ದರೆ ಬೈದುಬಿಡು. ವಾಟ್ಸಾಪಿನಲ್ಲಿ ನಾಲ್ಕು ಸಲ ಬರೆದು ಅಳಿಸಿದೆ, ಕೊನೆಗೆ ಕಾಗದವೇ ಸರಿ ಅನ್ನಿಸಿತು. ನಮ್ಮಿಬ್ಬರದು ಬಾಯಲ್ಲಿ ತುಳು, ಬರೆಯಲು ಕೂತರೆ ಶಾಲೆಯ ಕನ್ನಡ. ತಪ್ಪಿದ್ದರೆ ತಿದ್ದಿಕೊಂಡು ಓದು.

ಇಲ್ಲಿ ಎಲ್ಲರೂ ಕ್ಷೇಮ. ನಾನಿನ್ನೂ ಜನರೇಟರ್ ವರ್ಕ್‌ಶಾಪಿನಲ್ಲೇ ಇದ್ದೇನೆ. ಹೆಂಡತಿ ಝುಲೈಖ ದುಬೈಯ ಅಲ್ ಕುಸೈಸ್‌ನಲ್ಲಿ ಮಗಳು ಮಿಸ್ರಿಯಾಳ ಮನೆಯಲ್ಲಿದ್ದಾಳೆ. ಮೊಮ್ಮಗಳು ನನ್ನ ಬ್ಯಾರಿ ಮಾತಿಗೆಲ್ಲ ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಾಳೆ, ಅದೂ ಅಜ್ಜನ ಮೇಲೆ ಕರುಣೆ ಇಟ್ಟು ನಿಧಾನವಾಗಿ.

ವಿಷಯಕ್ಕೆ ಬರುತ್ತೇನೆ. ನಮ್ಮ ರೂಮಿನ ಹಿಂದೆ ಹೊಸದಾಗಿ ಅಫ್ಘಾನಿ ರೊಟ್ಟಿ ಅಂಗಡಿ ತೆರೆದಿದೆ. ಕಳೆದ ಶುಕ್ರವಾರ ಹೋದರೆ, ಒಲೆಯ ಮೇಲಿನ ಗೋಡೆಯಲ್ಲಿ ಕಟ್ಟು ಹಾಕಿಸಿದ ಒಂದು ಸರ್ಟಿಫಿಕೇಟು. ಝಲ್ಮೈ ಎಂಬವನಿಗೆ ಜನರೇಟರ್ ನಡೆಸಲು ಪೂರ್ತಿ ಬರುತ್ತದೆ ಎಂದು ಅದರಲ್ಲಿತ್ತು. ಕೆಳಗೆ ನನ್ನ ಸಹಿ, ಪಕ್ಕದಲ್ಲಿ ಸಾಕ್ಷಿಯಾಗಿ ನಿನ್ನದು.

ನೆನಪಿರಬೇಕು, ನಾವು ಕಂಪನಿ ಕೆಲಸಕ್ಕಿದ್ದ ಆ ಕಣಿವೆಯ ಕ್ಯಾಂಪಿನಲ್ಲಿ ವಿದೇಶಿ ಪಡೆಯವರು ಯುದ್ಧವನ್ನು ಸ್ವಲ್ಪಸ್ವಲ್ಪವೇ ಅಫ್ಘಾನ್ ಸೈನಿಕರಿಗೆ ಬಿಟ್ಟುಕೊಟ್ಟ ವರ್ಷ. ಮೊದಲು ಹೊರಗಿನ ಗೇಟು, ಆಮೇಲೆ ಗಸ್ತು, ಆಮೇಲೆ ಬೆಟ್ಟದ ಕಾರ್ಯಾಚರಣೆ, ಕೊನೆಗೆ ನಮ್ಮ ಜನರೇಟರು, ನೀರಿನ ಪಂಪು. ಆ ಸೈನಿಕರಲ್ಲೊಬ್ಬನಾದ ಝಲ್ಮೈ ಬೆಟ್ಟದಲ್ಲಿ ಕಾದಾಡಿ ಬಂದು ನನ್ನ ಪಾಠಕ್ಕೆ ಕೂತಲ್ಲೇ ತೂಕಡಿಸುತ್ತಿದ್ದ. ನೀನು ಚಾ ಕೊಟ್ಟು ಎಬ್ಬಿಸುತ್ತಿದ್ದೆ.

ಅಂಗಡಿಯವನು ಅವನ ಅಣ್ಣ, ನಝರ್. ನಾನೇ ಹಸನಬ್ಬ ಎಂದು ತಿಳಿದು ಹಿಟ್ಟಿನ ಕೈಯಲ್ಲೇ ನನ್ನ ಕೈ ಹಿಡಿದ. ನಾವು ಹೊರಟ ಮೇಲೆ ಕ್ಯಾಂಪಿಗೆ ಮುತ್ತಿಗೆ ಬಿತ್ತಂತೆ. ಒಂಬತ್ತನೇ ದಿನ ಜನರೇಟರ್ ನಿಂತಿತು, ಪಂಪೂ ನಿಂತಿತು. ಹನ್ನೊಂದನೇ ದಿನ ಕ್ಯಾನು ಹಿಡಿದು ತೊರೆಗೆ ಹೋದ ಝಲ್ಮೈಗೆ ಗುಂಡು ಬಿತ್ತು. ಗಿರಾಕಿಗಳಿಗೆಲ್ಲ ನಝರ್ ಆ ಸರ್ಟಿಫಿಕೇಟು ತೋರಿಸಿ, ನನ್ನ ತಮ್ಮ ಕಲಿತವನು, ಮೆಷಿನೇ ಕೆಟ್ಟದ್ದು ಎನ್ನುತ್ತಾನೆ.

ಒಂದೇ ದಿನದ ನೋಟಿಸಿನಲ್ಲಿ ನಮ್ಮನ್ನು ದುಬೈಗೆ ಸಾಗಿಸಿದರು, ಇನ್ನಷ್ಟು ಕಲಿಸಲು ಸಮಯ ಕೊಡಲಿಲ್ಲ ಎಂದೆ. ನಾಲ್ಕು ವರ್ಷದಿಂದ ನಾವಿಬ್ಬರೂ ಹಾಗೇ ಹೇಳಿಕೊಂಡು ಬಂದವರು. ಆ ದಿನದ ರೊಟ್ಟಿಯನ್ನು ರೂಮಿನವರಿಗೇ ಕೊಟ್ಟುಬಿಟ್ಟೆ.

ಕಾಲು ಜೋಪಾನ. ಮನೆಯವರಿಗೆ ಸಲಾಂ ತಿಳಿಸು. ನಿನ್ನ ದೇವರೂ ನನ್ನನ್ನು ಸೃಷ್ಟಿಸಿದವನೂ ಸೇರಿ ನಿನ್ನನ್ನು ಮೊದಲಿನ ಹಾಗೆ ನಡೆಸಲಿ.

ನಿನ್ನ
ಹಸನಬ್ಬ

ತಾ.ಕ.: ಮಡಚಿದ ಕಾಗದ ಮತ್ತೆ ಬಿಡಿಸಿದೆ. ನೋಟಿಸು ಒಂದೇ ದಿನದ್ದು, ನಿಜ. ಆದರೆ ಕಲಿಸಲು ನನಗೆ ಎಂಟು ತಿಂಗಳಿತ್ತು. ಆ ಹಳೇ ಮೆಷಿನಿನ ಡೀಸೆಲ್ ಪೈಪಿಗೆ ಗಾಳಿ ಸೇರುತ್ತಿತ್ತು. ಹಿಂದಿನ ನಟ್ಟು ಸಡಿಲಿಸಿ, ಕೈಪಂಪು ಒತ್ತಿ ಗಾಳಿ ಬಿಟ್ಟರೆ ಸರಿಯಾಗುತ್ತದೆ, ಎರಡು ನಿಮಿಷದ ಕೆಲಸ. ಅದೊಂದನ್ನು ಝಲ್ಮೈಗೆ ತೋರಿಸಲಿಲ್ಲ, ಬೇಕೆಂದೇ. ಪೂರ್ತಿ ಕಲಿಸಿದವನ ವೀಸಾ ಮರುದಿನವೇ ಖಲಾಸ್, ಒಂದು ಕೆಲಸ ಕೈಯಲ್ಲೇ ಇಟ್ಟುಕೊ ಎಂದು ಗಲ್ಫಿಗೆ ಬಂದ ದಿನವೇ ನಾವೆಲ್ಲ ಕಲಿಯುತ್ತೇವಲ್ಲ. ಮೆಷಿನು ನಿಂತಾಗಲೆಲ್ಲ ಅವನನ್ನು ನಿನ್ನ ಹತ್ತಿರ ಚಾಕ್ಕೆ ಕಳಿಸುತ್ತಿದ್ದದ್ದು ಅದಕ್ಕೇ. ನಿನಗೂ ಹೇಳಲಿಲ್ಲ. ನಿನ್ನ ಸಹಿಯನ್ನೂ ಸುಳ್ಳು ಮಾಡಿಬಿಟ್ಟೆ, ಕ್ಷಮಿಸು.

ಮೆಷಿನು ನಿಂತ ದಿನ ಝಲ್ಮೈ ನಝರ್‌ಗೆ ಫೋನ್ ಮಾಡಿದ್ದನಂತೆ. ಉಸ್ತಾದ್ ಮೆಷಿನಿನ ಹಿಂದೆ ಕೈ ಹಾಕಿ ಏನೋ ಮಾಡುತ್ತಿದ್ದರು, ಈಗ ದುಬೈಯ ಕರಾಮದಲ್ಲಿದ್ದಾರಂತೆ, ಹುಡುಕಿ ಕೇಳು ಎಂದನಂತೆ. ಆಗ ದುಬೈಯಲ್ಲೇ ಇದ್ದ ನಝರ್ ಎರಡು ದಿನ ಕರಾಮದ ಹೋಟೆಲು ಹೋಟೆಲು ಸುತ್ತಿದ. ನಾನು ಅಲ್ಲೇ, ಕಂಪನಿಯ ಫ್ಲ್ಯಾಟಿನಲ್ಲಿ ಮಲಗಿದ್ದೆ.

"ಕೈ ಹಾಕಿ ಏನು ಮಾಡ್ತಿದ್ರಿ, ಉಸ್ತಾದ್?" ಎಂದು ಮೊನ್ನೆ ನಝರ್ ಕೇಳಿದ.

"ಏನಿಲ್ಲ," ಎಂದೆ. "ಹಳೇ ಮೆಷಿನು."

ಅವನು ನಂಬಿದ. ಇನ್ನೆರಡು ರೊಟ್ಟಿ ಸೇರಿಸಿ ಕಟ್ಟಿಕೊಟ್ಟ.