ಸೀರೆಯ ಮುಖ

ಮೊಳಕಾಲ್ಮೂರು, 12-6-2003

ನಮ್ಮ ಸಾಫ್ಟ್‌ವೇರ್ ಕಂಪನಿಯ ಯಜಮಾನರಾದ ಓಂಕಾರಮೂರ್ತಿಯವರಿಗೆ ತ್ರಿವೇಣಿಯ ನಮಸ್ಕಾರ.

ನಮ್ಮ ಕಂಪ್ಯೂಟರ್ ವಿನ್ಯಾಸದಂತೆ ನೇಯ್ದ ಸೀರೆಯ ಸೆರಗಿನಲ್ಲಿ ಹಂಸಗಳು ಎಡದ ಬದಲು ಬಲಕ್ಕೆ ತಿರುಗಿದ್ದು ನೇಕಾರಳಾದ ನಿಂಗಕ್ಕನ ತಪ್ಪೆಂದು ನೀವು ಸೀರೆ ವ್ಯಾಪಾರಿಗೆ ಬರೆದಿರಿ. ಅವರು ಆಕೆಯ ಮಗ್ಗವನ್ನೇ ನಿಲ್ಲಿಸಿದ್ದಾರೆ. ನಾಟಕದವರ ಮನೆಯಲ್ಲಿ ಬೆಳೆದ ನಾನು, ವಿಚಾರಿಸಲು ಬಂದವಳು, ತುಂಬಿದ ಸಭೆಯಲ್ಲಿ ನಿಂತಂತೆ ಆಕೆಯ ಮೇಲೆ ಗುಡುಗಿದೆ. ಆಕೆ ನಕ್ಕಳು.

“ನೇಯುವಾಗ ಮ್ಯಾಲೆ ಕಾಣೋದು ಸೀರೆ ಬೆನ್ನು ಕಣವ್ವ, ಮುಖ ಕೆಳಗೈತೆ. ನಿಮ್ಮ ಪೆಟ್ಟಿಗೆಗೆ ಯಾರೂ ಹೇಳಿಲ್ವಾ?”

ಹೇಳಬೇಕಾದವಳು ನಾನೇ. ಆ ವಿನ್ಯಾಸದ ಪ್ರೋಗ್ರಾಂ ಬರೆದ ಮಹಾತಾಯಿ, ಪರದೆಯ ಮೇಲೆ ಕಂಡದ್ದನ್ನೇ ಮುಖವೆಂದುಕೊಂಡೆ.

ದಯವಿಟ್ಟು ವ್ಯಾಪಾರಿಗೆ ಇನ್ನೊಂದು ಪತ್ರ ಬರೆದು, ಆಕೆಯ ಹೆಸರಿದ್ದ ಜಾಗದಲ್ಲಿ ನನ್ನ ಹೆಸರು ಹಾಕಿ. ನಾನಿನ್ನು ಕೆಲಸಕ್ಕೆ ಬರಬೇಕೋ ಬೇಡವೋ, ಚಳ್ಳಕೆರೆ ಬಸ್ಸಿನ ಕಂಡಕ್ಟರ್ ಹತ್ತಿರ ಹೇಳಿಕಳಿಸಿ. ಅಲ್ಲಿಯವರೆಗೆ ನಿಂಗಕ್ಕನ ನಿಂತ ಮಗ್ಗದ ಕೆಳಗೆ ಕೂತು ಸೀರೆಯ ಮುಖ ನೋಡುತ್ತಿರುತ್ತೇನೆ.

ಇತಿ,
ತ್ರಿವೇಣಿ