ಗೋಡೆಯೊಳಗೆ ಸೋರುವ ಗ್ಯಾಸ್

೧೫ ಜುಲೈ ೨೦೧೪, ಮಂಗಳವಾರ
ಅಲ್ ಮುರಕ್ಕಬಾತ್

ಎ.ಸಿ.ಯ ಗ್ಯಾಸ್ ಮತ್ತೆ ಇಳಿದಿದೆ. ಹೋದ ವಾರವಷ್ಟೇ ತುಂಬಿಸಿದ್ದು. ಮೆಕ್ಯಾನಿಕ್ ಗೇಜ್ ಹಾಕಿ ನೋಡಿ, ಪ್ರೆಶರ್ ಅರ್ಧಕ್ಕೆ ಬಂದಿದೆ, ಗೋಡೆಯೊಳಗಿನ ಪೈಪು ಎಲ್ಲೋ ಸೋರುತ್ತಿದೆ ಎಂದ. ಗೋಡೆ ಒಡೆಯದೆ ಸರಿಯಾಗುವುದಿಲ್ಲ. ಒಡೆಯಲು ಮಾಲೀಕರ ಒಪ್ಪಿಗೆ ಬೇಕು. ಅವರ ಆಫೀಸಿನಲ್ಲಿ ಒಂದೇ ಉತ್ತರ: ಈದ್ ಕಳೆಯಲಿ, ಆಮೇಲೆ ನೋಡೋಣ.

ಮಗ ಕೆವಿನ್‌ನ ಬೆನ್ನ ತುಂಬ ಬೆವರುಸಾಲೆ. ನಿದ್ದೆಯಲ್ಲಿ ಕೆರೆದುಕೊಂಡು ರಕ್ತ ಬರಿಸಿಕೊಂಡಿದ್ದಾನೆ. ಇಲ್ಲಿಂದ ಮೂರು ಗಂಟೆ ದಾರಿ, ಮರುಭೂಮಿಯ ಮದೀನತ್ ಜಾಯೆದ್‌ನಲ್ಲಿ ಕೆಲಸದಲ್ಲಿರುವ ನನ್ನ ಗಂಡ ಡಿಕ್ಸನ್‌ಗೆ ಫೋನ್ ಮಾಡಿದೆ.

"ನಾನು ಇಲ್ಲಿಂದ ಎಂತ ಮಾಡುದು ವೆಲಿಟಾ? ರಜೆ ಕೇಳಿದೆ, ಕೊಡುದಿಲ್ಲ ಅಂದ್ರು."

ಜಗಳವಾಡಲು ಮನಸ್ಸಾಗಲಿಲ್ಲ. ಅವರ ದನಿಯೂ ಸೋತಿತ್ತು.

ಸಂಜೆ ಎದುರು ಫ್ಲಾಟಿನ ಫೆಲ್ಸಿಬಾಯಿ ಬಂದು ಮಗುವಿನ ಬೆನ್ನು ನೋಡಿದರು. "ಇವನನ್ನು ನಮ್ಮಲ್ಲಿ ಮಲಗಿಸು ಮಾರಾಯ್ತಿ. ನಿನಗೂ ಬಾ ಅನ್ಲಿಕ್ಕೆ ಜಾಗ ಇಲ್ಲ, ಹಾಲ್‌ನಲ್ಲೂ ಬಾಡಿಗೆಯವರು ಇದ್ದಾರೆ," ಎಂದರು.

ನಾನಿಲ್ಲದೆ ಅವನು ಒಂದು ರಾತ್ರಿಯೂ ಮಲಗಿದವನಲ್ಲ. ಅಳುತ್ತಾನೆ, ಕರೆದುಕೊಂಡು ಬರಬೇಕಾಗುತ್ತದೆ ಎಂದುಕೊಂಡೇ ಅವನನ್ನು ಬಿಡಲು ಹೋದೆ. ಅವನು ತಣ್ಣನೆಯ ಹಾಸಿಗೆಗೆ ಕೆನ್ನೆಯೊತ್ತಿ, "ಮಮ್ಮಾ, ಯು ಕ್ಯಾನ್ ಗೋ," ಎಂದ.

ಅವರ ಬಾಗಿಲ ಹೊರಗೆ ಬಹಳ ಹೊತ್ತು ನಿಂತಿದ್ದೆ. ಅಳು ಕೇಳಿಸಲಿಲ್ಲ. ಕೇಳಿಸಲಿ ಎಂದು ಯಾಕೆ ಆಸೆಪಟ್ಟೆನೋ ತಿಳಿಯದು. ಮಗುವನ್ನು ತಂಪಾಗಿ ಮಲಗಿಸುವುದೂ ನನ್ನ ಕೈಲಾಗಲಿಲ್ಲ, ಬೇರೆಯವರು ಮಲಗಿಸಿದರೆ ಸಂತೋಷಪಡುವುದೂ ಆಗುತ್ತಿಲ್ಲ.

ಇಲ್ಲಿ ಫ್ಯಾನು ಬಿಸಿಗಾಳಿಯನ್ನೇ ತಿರುಗಿಸುತ್ತಿದೆ. ಅವನು ಚೆನ್ನಾಗಿ ಮಲಗಿದ್ದಾನೆ, ಅಷ್ಟು ಸಾಕು ಎಂದು ಬರೆಯಲು ಕೂತೆ. ಆದರೆ ನಾಳೆ ರಾತ್ರಿಯೂ ಅಲ್ಲಿಗೇ ಹೋಗುತ್ತೇನೆ ಎಂದು ಅವನೇ ಹೇಳಿದರೆ, ಹೂಂ ಅನ್ನಲು ನನ್ನಿಂದಾದೀತೇ?