ಕೆಂಪು ಬಟ್ಟೆಯ ಬಕೆಟ್

ಜುಲೈ ೧೭, ಗುರುವಾರ

ಪಕ್ಕದ ಮನೆಯ ಪಂಪೇಶನಿಗೆ ಮತ್ತೆ ಗಣಿ ಕೆಲಸ ಸಿಕ್ಕಿದೆ. ಗಣಿಯಿಂದ ನಮ್ಮಿಬ್ಬರನ್ನೂ ಒಂದೇ ದಿನ ತೆಗೆದಿದ್ದರು. ಅವನು ಮತ್ತೆ ಸಂಡೂರು ಬಸ್ಸು ಹತ್ತಿದ. ನಾನು ಗಾದಿಗನೂರಿನವರೆಗೂ ಅಲೆದು, ಕಂಡ ಕಂಡಲ್ಲಿ ನಂಬರ್ ಕೊಟ್ಟು ಬಂದು, ಫೋನ್ ನೋಡುತ್ತ ಕೂತಿದ್ದೇನೆ. ಸಂಜೆ ಅವನು ಮೈತುಂಬ ಅದಿರಿನ ಧೂಳು ಮೆತ್ತಿಕೊಂಡು ಓಣಿಯಲ್ಲಿ ಬಂದ. ಕೆಮ್ಮುವುದನ್ನೂ ಠೀವಿಯಿಂದಲೇ ಕೆಮ್ಮುತ್ತಾನೆ, ನನ್ಮಗ. ನನ್ನ ಬಿಳಿ ಅಂಗಿ ನೋಡಿ ನನಗೇ ಸಿಟ್ಟು ಬಂತು.

ಅಷ್ಟರಲ್ಲಿ ಅವನ ಹೆಂಡತಿ ಹುಲುಗಮ್ಮ ಬಾಗಿಲಿಗೆ ಬಂದಳು.

“ಅಕ್ಕಾ, ಅಣ್ಣಾರ ಗಣಿ ಬಟ್ಟಿ ನೆನಿ ಹಾಕ್ತಿದ್ರಲ್ಲ, ಆ ಬಕೆಟ್ ಖಾಲಿ ಐತೇನು? ನಮ್ದರಾಗ ಹಾಕಿದ್ರ ಎಲ್ಲಾರ ಬಟ್ಟಿನೂ ಕೆಂಪಾಗ್ತಾವು.”

ನನ್ನ ಹೆಂಡತಿ ಸುಮಂಗಲಾ ತರಲು ಎದ್ದಳು.

“ಕೊಡಬ್ಯಾಡ. ನಮಗ ಬೇಕಾಗ್ತೈತಿ,” ಅಂದುಬಿಟ್ಟೆ.

ಹುಲುಗಮ್ಮ ಸಪ್ಪೆ ಮುಖ ಮಾಡಿಕೊಂಡು ಹೋದಳು. ಒಳಗೊಳಗೇ ಖುಷಿಯಾಯಿತು, ಸುಳ್ಳು ಯಾಕೆ. ಇಷ್ಟು ಹೊಟ್ಟೆಕಿಚ್ಚು ಒಳ್ಳೆಯದಲ್ಲ ಎಂದು ಹೆಂಡತಿ ಬೈಯುತ್ತಾಳೆ ಅಂದುಕೊಂಡೆ. ಬೈಯಲಿಲ್ಲ. ಹತ್ತಿರ ಬಂದು ಮೆಲ್ಲಗೆ ಕೇಳಿದಳು:

“ಎಲ್ಲ್ಯಾರ ಕೆಲಸಕ್ಕ ಕರದಾರೇನ್ರಿ?”

ಎಷ್ಟು ದಿನದ ಮೇಲೆ ಆ ಮುಖ ಅರಳಿತ್ತು! ಇಲ್ಲ ಅನ್ನಲು ಬಾಯಿ ಬರಲಿಲ್ಲ. ನಾಳೆಯಾದರೂ ಯಾರಾದರೂ ಫೋನ್ ಮಾಡಲಿ.

ಈಗ ಬಚ್ಚಲಲ್ಲಿ ಸದ್ದು. ಆ ಬಕೆಟ್ಟನ್ನು ತಿಕ್ಕಿ ತಿಕ್ಕಿ ತೊಳೆಯುತ್ತಿದ್ದಾಳೆ.